ಹಕ್ಕಿಜ್ವರ ಮತ್ತು ಕೋಳಿಗಳ ಜೀವಂತ ಲಸಿಕೆ: ಸಾಕಣೆದಾರರಿಗೆ ಮಾಹಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕೋಳಿ ಸಾಕುವವರಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯು ಚಿರಪರಿಚಿತವಾಗಿದೆ. ಇದೇ ರೀತಿಯ ಲಸಿಕೆಯು ಹಕ್ಕಿಜ್ವರಕ್ಕೆ ಏಕೆ ಇಲ್ಲವೆಂಬ ಪ್ರಶ್ನೆಗೆ ಇಲ್ಲಿ ಉತ್ತರ ನೀಡಲಾಗಿದೆ.

ರಾಜ್ಯದಲ್ಲಿ ರೋಗದ ಹಿನ್ನೆಲೆ

ಭಾರತದಲ್ಲಿ ಎಚ್5ಎನ್1 ಹಕ್ಕಿಜ್ವರವು ಮೊದಲಿಗೆ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ವರದಿಯಾಯಿತು. ಕರ್ನಾಟಕದಲ್ಲಿ 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಈ ರೋಗ ತಗುಲಿತು. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲಿಯೂ, ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡು ಗ್ರಾಮದಲ್ಲಿಯೂ ರೋಗ ದೃಢಪಟ್ಟಿತು. ಹರಿಹರವು 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ತಾಲ್ಲೂಕು. ಆದ್ದರಿಂದ ಈ ರೋಗವನ್ನು ದೂರದ ವಿಷಯವೆಂದು ಭಾವಿಸುವಂತಿಲ್ಲ.

ಜೀವಂತ ಲಸಿಕೆ ಎಂದರೇನು?

ರೋಗ ತರುವ ಶಕ್ತಿ ಕುಂದಿದ, ಆದರೆ ಕೋಳಿಯ ದೇಹದಲ್ಲಿ ಬೆಳೆಯಬಲ್ಲ ವೈರಾಣುವಿನಿಂದ ತಯಾರಿಸಿದ ಲಸಿಕೆಯೇ ಜೀವಂತ ಲಸಿಕೆ. ಕೊಕ್ಕರೆ ರೋಗಕ್ಕೆ ಎಫ್ ಅಥವಾ ಲಸೋಟಾ ತಳಿಯ ಲಸಿಕೆಯನ್ನು ಮೊದಲ ವಾರದಲ್ಲಿ ಮರಿಗಳ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಹಾಕಲಾಗುತ್ತದೆ. ಲಸೋಟಾ ಲಸಿಕೆಯನ್ನು ಕುಡಿಯುವ ನೀರಿನಲ್ಲಿಯೂ ನೀಡಬಹುದು. ಒಂದೊಂದು ಕೋಳಿಯನ್ನೂ ಹಿಡಿದು ಚುಚ್ಚುವ ಅಗತ್ಯವಿಲ್ಲದಿರುವುದು ಇದರ ಮುಖ್ಯ ಅನುಕೂಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಕೊಕ್ಕರೆ ರೋಗದ ಲಸಿಕೆಯನ್ನು ತಯಾರಿಸುತ್ತದೆ.

ಹಕ್ಕಿಜ್ವರದ ವೈರಾಣುವಿನಿಂದಲೇ ಏಕೆ ತಯಾರಿಸುವುದಿಲ್ಲ?

1. ಎಚ್5 ಮತ್ತು ಎಚ್7 ಗುಂಪಿನ ಸೌಮ್ಯ ವೈರಾಣುಗಳು ಕೋಳಿಗಳಲ್ಲಿ ಹರಡುತ್ತಾ ಮಾರಕ ರೂಪ ತಾಳಬಲ್ಲವು.
2. ಈ ವೈರಾಣುವಿನ ವಂಶವಾಹಿಯು 8 ತುಣುಕುಗಳಲ್ಲಿದೆ. ಲಸಿಕೆಯ ವೈರಾಣು ಮತ್ತು ಹೊರಗಿನ ವೈರಾಣು ಒಂದೇ ಕೋಳಿಯಲ್ಲಿ ಸೇರಿದರೆ ತುಣುಕುಗಳು ಅದಲುಬದಲಾಗಿ ಹೊಸ ವೈರಾಣು ಹುಟ್ಟುವ ಅಪಾಯವಿದೆ.

ವಾಹಕ ಲಸಿಕೆಗಳು

ಈ ಅಪಾಯವನ್ನು ತಪ್ಪಿಸಲು ಹಕ್ಕಿಜ್ವರ ವೈರಾಣುವಿನ ಎಚ್5 ವಂಶವಾಹಿಯೊಂದನ್ನೇ ತೆಗೆದು, ಬೇರೆ ನಿರಪಾಯ ವೈರಾಣುವಿಗೆ ಸೇರಿಸಲಾಗುತ್ತದೆ. ಕೋಳಿ ಸಿಡುಬಿನ ವೈರಾಣುವನ್ನು ವಾಹಕವಾಗಿ ಬಳಸಿದ ಲಸಿಕೆಗೆ ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ದೊರೆಯಿತು. ಚೀನಾದಲ್ಲಿ ಕೊಕ್ಕರೆ ರೋಗದ ಲಸೋಟಾ ವೈರಾಣುವನ್ನೇ ವಾಹಕವಾಗಿ ಬಳಸಿ, ಎರಡೂ ರೋಗಗಳಿಗೆ ಒಂದೇ ಲಸಿಕೆ ಸಿದ್ಧಪಡಿಸಲಾಯಿತು. ಇಂತಹ ಲಸಿಕೆಯಲ್ಲಿ ಹಕ್ಕಿಜ್ವರ ವೈರಾಣುವಿನ ಉಳಿದ ಭಾಗಗಳು ಇರುವುದಿಲ್ಲವಾದ್ದರಿಂದ, ಲಸಿಕೆ ಪಡೆದ ಕೋಳಿ ಯಾವುದು, ಸೋಂಕು ತಗುಲಿದ ಕೋಳಿ ಯಾವುದು ಎಂದು ರಕ್ತ ಪರೀಕ್ಷೆಯಿಂದ ಗುರುತಿಸಬಹುದು.

ಆದರೆ ಇವುಗಳಿಗೂ ಮಿತಿಯಿದೆ. ತಾಯಿಕೋಳಿಯಿಂದ ಬಂದ ಅಥವಾ ಹಿಂದಿನ ಲಸಿಕೆಯಿಂದ ಉಂಟಾದ ರೋಗನಿರೋಧಕ ಶಕ್ತಿಯು ವಾಹಕ ವೈರಾಣುವನ್ನೇ ಬೆಳೆಯಗೊಡದಿದ್ದರೆ ಲಸಿಕೆ ಫಲಿಸುವುದಿಲ್ಲ. ಅಲ್ಲದೆ ಲಸಿಕೆ ಪಡೆದ ಕೋಳಿಯು ಸಾಯದೆ ಉಳಿದರೂ ಸೋಂಕನ್ನು ಸದ್ದಿಲ್ಲದೆ ಹರಡುವ ಸಾಧ್ಯತೆಯಿರುತ್ತದೆ.

ಭಾರತದಲ್ಲಿನ ಸ್ಥಿತಿ

ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿ ರೋಗಗಳ ಸಂಸ್ಥೆಯು ಕಡಿಮೆ ತೀವ್ರತೆಯ ಎಚ್9ಎನ್2 ಪ್ರಭೇದಕ್ಕೆ ನಿಷ್ಕ್ರಿಯ ಲಸಿಕೆಯನ್ನು ಅಭಿವೃದ್ಧಿಪಡಿಸಿದ್ದು, 2022ರಲ್ಲಿ ಅದರ ತಂತ್ರಜ್ಞಾನವನ್ನು ತಯಾರಕರಿಗೆ ಹಸ್ತಾಂತರಿಸಿತು. ಈ ಲಸಿಕೆಯು ಎಚ್5ಎನ್1 ರೋಗವನ್ನು ತಡೆಯುವುದಿಲ್ಲ. ಎಚ್5ಎನ್1 ದೃಢಪಟ್ಟಲ್ಲಿ, 1 ಕಿ.ಮೀ. ಸೋಂಕಿತ ವಲಯದ ಕೋಳಿಗಳನ್ನು ಕೊಂದು ವಿಲೇವಾರಿ ಮಾಡಿ, 10 ಕಿ.ಮೀ.ವರೆಗೆ ಕಣ್ಗಾವಲು ಇರಿಸುವುದೇ ಅನುಸರಿಸುವ ಕ್ರಮ. ಹೀಗೆ ಕೊಲ್ಲಲಾದ ಕೋಳಿಗಳಿಗೆ ಪರಿಹಾರವಿದೆ. ಅದಕ್ಕೂ ಮೊದಲೇ ರೋಗದಿಂದ ಸತ್ತ ಕೋಳಿಗಳಿಗೆ ಇಲ್ಲ. ಆದ್ದರಿಂದ ಬೇಗನೆ ತಿಳಿಸುವುದು ಸಾಕಣೆದಾರರ ಹಿತಕ್ಕೇ ಆಗಿದೆ.

ಸಾಕಣೆದಾರರು ಅನುಸರಿಸಬೇಕಾದ ಕ್ರಮಗಳು

* ಕೊಕ್ಕರೆ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸುವುದು. ಎರಡೂ ರೋಗಗಳ ಲಕ್ಷಣಗಳು ಹೋಲುವುದರಿಂದ ಇದು ರೋಗ ಪತ್ತೆಗೂ ಸಹಕಾರಿ.
* ವಾಣಿವಿಲಾಸ ಸಾಗರ ಮತ್ತು ಕೆರೆಗಳ ಆಸುಪಾಸಿನವರು ನೀರು ಹಕ್ಕಿಗಳು ಕೋಳಿಗಳೊಡನೆ ಬೆರೆಯದಂತೆ ನೋಡಿಕೊಳ್ಳುವುದು. ಕೆರೆಯ ನೀರನ್ನು ಸೋಂಕು ನಿವಾರಿಸದೆ ಕೊಡದಿರುವುದು.
* ರಾಷ್ಟ್ರೀಯ ಹೆದ್ದಾರಿ 48ರ ಮೂಲಕ ಬರುವ ಕೋಳಿ ವಾಹನ, ಪಂಜರ ಮತ್ತು ಮೊಟ್ಟೆ ಟ್ರೇಗಳನ್ನು ಸೋಂಕು ನಿವಾರಕದಿಂದ ತೊಳೆಯದೆ ಫಾರಂ ಒಳಗೆ ಬಿಡದಿರುವುದು.
* ಕೋಳಿಗಳು ಹಠಾತ್ತನೆ ಹೆಚ್ಚಿನ ಸಂಖ್ಯೆಯಲ್ಲಿ ಸತ್ತರೆ ಅವುಗಳನ್ನು ಮಾರದೆ, ಎಸೆಯದೆ, ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸುವುದು. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ, 2009ರ ಪ್ರಕಾರ ಮಾಹಿತಿ ನೀಡುವುದು ಮಾಲೀಕರ ಕರ್ತವ್ಯವಾಗಿದೆ.