ಶರಣರ ಮನೆಯ ತೊಟ್ಟಿಲು

ಮಗು ಹುಟ್ಟಿದರೆ ಮನೆಗೆ ಪುರುಡು, ಬಾಣಂತಿಗೆ ಮೈಲಿಗೆ ಎಂಬ ರೂಢಿ ನಮ್ಮ ನಾಡಿನಲ್ಲಿ ಬಹು ಹಿಂದಿನದು. 12ನೆಯ ಶತಮಾನದ ಶರಣರು ಇದನ್ನು ಒಪ್ಪಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಲಿಂಗವಂತರಿಗೆ ಸಲ್ಲದವೆಂದು ತೊರೆದರು. ಅಂಗದ ಮೇಲೆ ಇಷ್ಟಲಿಂಗವಿರುವ ತಾಯಿ ಹೆತ್ತ ದಿನವೂ ಅದನ್ನು ಕಳಚಬೇಕಿಲ್ಲ, ಪೂಜೆಯನ್ನು ಬಿಡಬೇಕಿಲ್ಲ. ಹಸುಗೂಸಿಗೂ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ಬೆಳೆದುಬಂದಿತು. ಅದರಲ್ಲಿ ಗಂಡು, ಹೆಣ್ಣೆಂಬ ಭೇದವಿಲ್ಲ.

ಆದರೂ ಇಂದಿಗೂ ಕೆಲವು ಲಿಂಗವಂತರ ಮನೆಗಳಲ್ಲಿ ತಂದೆಯು ತನ್ನ ಕೂಸನ್ನೆತ್ತಿಕೊಳ್ಳಲು ಪುರುಡು ಕಳೆಯುವ ದಿನವನ್ನು ಕಾಯುವುದುಂಟು. ಬಾಣಂತಿಗೆ ವಿಶ್ರಾಂತಿ ಬೇಕು, ಕೂಸಿಗೆ ಶುಚಿತ್ವ ಬೇಕು, ಅದು ಆರೈಕೆ. ಮುಟ್ಟಬಾರದೆಂಬುದು ಸೂತಕ. ಇವೆರಡನ್ನೂ ಒಂದೆಂದು ಭಾವಿಸಿದರೆ ಶರಣರು ಕಳೆದ ಕತ್ತಲೆಯನ್ನು ನಾವೇ ತೊಟ್ಟಿಲಿಗೆ ಮರಳಿ ತಂದಂತೆ.