ಕೆಂಡ

ಜ್ವಾಲೆಯಿಲ್ಲದೆ ಉರಿಯುವ ಇದ್ದಿಲೇ ಕೆಂಡ. ಕಟ್ಟಿಗೆ ಕಾದಾಗ ಮೊದಲು ಅನಿಲಗಳು ಹೊರಬಿದ್ದು ಜ್ವಾಲೆಯಾಗಿ ಉರಿಯುತ್ತವೆ. ಅವು ತೀರಿದ ಮೇಲೆ ಉಳಿದ ಇಂಗಾಲವೇ ಮೈಗೆ ಆಮ್ಲಜನಕ ತಾಕಿ ಸುಡತೊಡಗುತ್ತದೆ. ಊದಿದರೆ ಕೆಂಪು ಕಿತ್ತಳೆಗೆ ತಿರುಗುತ್ತದೆ, ಬಿಟ್ಟರೆ ಮೇಲೆ ಬೂದಿ ಕವಿಯುತ್ತದೆ. ಆ ಬೂದಿ ಒಳಗಿನ ಶಾಖವನ್ನು ಹಿಡಿದಿಡುತ್ತದೆ, ಗಾಳಿಯನ್ನು ತುಸುತುಸುವೇ ಒಳಬಿಡುತ್ತದೆ. ಹಾಗಾಗಿ ಕೆಂಡ ಇಡೀ ರಾತ್ರಿ ಆರದೆ ಉಳಿಯಬಲ್ಲದು.

ಬೆಂಕಿ ಹುಟ್ಟಿಸುವುದು ಬಹುಕಾಲ ಬೆವರಿಳಿಸುವ ಕೆಲಸವಾಗಿತ್ತು. ಯಜ್ಞಕ್ಕೆಂದು ಅರಣಿ ಕಡೆದಾಗ ಮೊದಲು ಕಾಣುವುದು ಹೊಗೆಯಾಡುವ ಕಪ್ಪು ಪುಡಿ, ಅದರೊಳಗೊಂದು ಪುಟ್ಟ ಕೆಂಡ. ಅದನ್ನು ಒಣ ನಾರಿನ ನಡುವೆ ಇಟ್ಟು ಮೆಲ್ಲಗೆ ಊದಬೇಕು. ಚಕಮಕಿಯಲ್ಲಿ ಸಿಡಿಯುವ ಕಿಡಿಯಾದರೂ ಕಲ್ಲಿನದಲ್ಲ. ಕಲ್ಲಿನ ಅಂಚು ಹೆರೆದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯುವುದೇ ಕಿಡಿ. ಇಷ್ಟು ಪಾಡು ಪಡುವುದಕ್ಕಿಂತ ಇದ್ದ ಬೆಂಕಿಯನ್ನು ಕಾಪಾಡಿಕೊಳ್ಳುವುದೇ ಸುಲಭ. ನಮ್ಮ ಹಳ್ಳಿಗಳ ಹೆಂಗಸರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಕೆದಕಿ, ಊದುಗೊಳವೆ ಹಿಡಿದು ಉರಿ ಎಬ್ಬಿಸುತ್ತಿದ್ದರು. ಆರಿಹೋಗಿದ್ದರೆ ನೆರೆಮನೆಯಿಂದ ಬೆರಣಿಯ ತುಂಡಿಗೆ ಹೊತ್ತಿಸಿಕೊಂಡು ತರುತ್ತಿದ್ದರು. ಬೆಂಕಿಯ ಇತಿಹಾಸ ಬರೆಯುವಾಗ ಈ ಜಾಣ್ಮೆಗೆ ಇನ್ನೂ ದೊಡ್ಡ ಜಾಗ ಸಲ್ಲಬೇಕು. ಮಧ್ಯಯುಗದ ಯೂರೋಪಿನಲ್ಲಿ ರಾತ್ರಿ ಗಂಟೆ ಬಾರಿಸಿ ಒಲೆ ಮುಚ್ಚಿಸುತ್ತಿದ್ದರು. ‘ಕರ್ಫ್ಯೂ’ ಎಂಬ ಪದದ ಮೂಲ ‘ಬೆಂಕಿ ಮುಚ್ಚು’ ಎಂಬರ್ಥದ ಫ್ರೆಂಚ್ ಮಾತು. ಇಂಗ್ಲೆಂಡಿನ ಜಾನ್ ವಾಕರ್ 1827ರಲ್ಲಿ ಗೀರಿ ಹೊತ್ತಿಸುವ ಕಡ್ಡಿ ಮಾರತೊಡಗಿದ. ಬೆಂಕಿಪೊಟ್ಟಣ ಮನೆಮನೆ ಸೇರಿದಂತೆ ಕೆಂಡ ಕಾಯುವ ರೂಢಿಯೂ ಸರಿಯಿತು.

ಬೂದಿ ಮುಚ್ಚಿದ ಕೆಂಡ ಎಂಬ ಗಾದೆಮಾತಿನ ಭಯ ಹುಸಿಯಲ್ಲ. 1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಲಂಡನ್ನಿನ ಪುಡ್ಡಿಂಗ್ ಲೇನಿನಲ್ಲಿ ಥಾಮಸ್ ಫ್ಯಾರಿನರ್‌ನ ಬೇಕರಿಗೆ ಬೆಂಕಿ ಬಿತ್ತು. ಮಲಗುವ ಮುನ್ನ ಕೆಂಡವನ್ನು ಒಟ್ಟುಗೂಡಿಸಿ ಭದ್ರ ಮಾಡಿದ್ದೆ ಎಂದೇ ಆತ ಹೇಳಿದ. ಮರದ ಮನೆಗಳು, ಬೀಸುವ ಮೂಡಣ ಗಾಳಿ. ಸುಮಾರು 13,200 ಮನೆ, 87 ಚರ್ಚುಗಳು ಸುಟ್ಟುಹೋದವು.

1991ರ ಅಕ್ಟೋಬರ್ 19ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟದ ಹುಲ್ಲಿಗೆ ಬಿದ್ದ ಬೆಂಕಿಯನ್ನು ಅಗ್ನಿಶಾಮಕ ದಳ ಹತೋಟಿಗೆ ತಂದಿತ್ತು. ಒಣ ತರಗಿನಡಿ ಮಾತ್ರ ಕಾವು ಉಳಿದಿತ್ತು. ಮರುದಿನ ಬಿಸಿ ಗಾಳಿ ಎದ್ದದ್ದೇ ತಡ, ಅದು ಮತ್ತೆ ಹೊತ್ತಿಕೊಂಡಿತು. ಗಾಳಿ ಹೊತ್ತೊಯ್ದ ಕೆಂಡಗಳು ಮುಂದಿನ ಮನೆಗಳ ಮಾಡಿಗೆ ಬಿದ್ದವು. 25 ಮಂದಿ ಸತ್ತರು, ಸುಮಾರು 3,000 ಮನೆಗಳು ಹೋದವು. ಬೆಂಕಿ ಹೀಗೆ ಮತ್ತೆ ಏಳಬಾರದೆಂದೇ ಉರಿ ಆರಿದ ಮೇಲೂ ಅಗ್ನಿಶಾಮಕ ಸಿಬ್ಬಂದಿ ಬೂದಿ ಕೆದಕುತ್ತಾರೆ, ನೀರು ಬೆರೆಸಿ ಕದಡುತ್ತಾರೆ, ಆಮೇಲೆ ಬರಿಗೈಯ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡುತ್ತಾರೆ.