ವೀರಗಲ್ಲನ್ನು ಕೆಳಗಿನಿಂದ ಓದಬೇಕು

ಶಿಕಾರಿಪುರ, ಸೊರಬದ ಕಡೆ ಕೆರೆ ಏರಿಯಲ್ಲೋ ಗುಡಿಯ ಅಂಗಳದಲ್ಲೋ ವೀರಗಲ್ಲು ಕಣ್ಣಿಗೆ ಬೀಳುತ್ತದೆ. ಅದನ್ನು ಸಾಮಾನ್ಯವಾಗಿ ಕೆಳಗಿನಿಂದ ಓದಬೇಕು: ಕೆಳಗೆ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ಊರಿನ ದನ ಬಿಡಿಸಲು ಹೋಗಿ ಸತ್ತವನ ಕಥೆ ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು.

ಬಿ.ಎಲ್. ರೈಸ್ ಈ ತಾಲ್ಲೂಕುಗಳ ಶಾಸನಗಳನ್ನು 1902, 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7, 8ನೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅಕ್ಷರ ಪುಸ್ತಕ ಸೇರಿತು, ಚಿತ್ರ ಬಹುಪಾಲು ಕಲ್ಲಲ್ಲೇ ಉಳಿಯಿತು.

ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸಿದೆ. ಫೋನಿನಲ್ಲಿ ಬೆರಳಿಂದ ತಿರುಗಿಸಿ ನೋಡಬಹುದು. ನಮ್ಮ ಶಾಲೆಗಳಲ್ಲೂ ಮಕ್ಕಳು ಒಂದೊಂದು ಹಂತ ಮುಟ್ಟಿ ಕಥೆ ಬಿಡಿಸುವಂತಾಗಬೇಕು. ಆದರೆ ನಾವೇ ಭಕ್ತಿಯಿಂದ ಬಳಿದ ಸುಣ್ಣ, ಬಣ್ಣದಲ್ಲಿ ಗೆರೆಗಳು ಮುಚ್ಚಿಹೋಗುತ್ತಿವೆ. ಈ ಸಲ ಹಬ್ಬಕ್ಕೆ ಬಳಿಯುವುದು ಬೇಡ. ಬೆಳಗಿನ ಓರೆ ಬಿಸಿಲಲ್ಲಿ ಮೂರೂ ಹಂತದ ಫೋಟೊ ತೆಗೆದಿಡಿ.